ಸೆಪ್ಟೆಂಬರ್‌ನಲ್ಲಿ ಎರಡೆರಡು ಫೈನಲ್: ಅಲ್ಟಿಮೇಟ್ ಚಾಂಪಿಯನ್‌ಷಿಪ್‌ನ ಒಳಲೆಕ್ಕ

2026ರ ಅಥ್ಲೆಟಿಕ್ಸ್ ವೇಳಾಪಟ್ಟಿಯಲ್ಲಿ ಸೆಪ್ಟೆಂಬರ್ ತಿಂಗಳನ್ನು ನೋಡಿದವರಿಗೆ ಗೊಂದಲ ಆಗುವುದು ಸಹಜ. 4 ಮತ್ತು 5ರಂದು ಬ್ರಸೆಲ್ಸ್‌ನಲ್ಲಿ ಡೈಮಂಡ್ ಲೀಗ್ ಫೈನಲ್. 11ರಿಂದ 13ರವರೆಗೆ ಬುಡಾಪೆಸ್ಟ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೇ ನಡೆಸುವ ‘ಅಲ್ಟಿಮೇಟ್ ಚಾಂಪಿಯನ್‌ಷಿಪ್’ ಎಂಬ ಹೊಚ್ಚ ಹೊಸ ಕೂಟ. ಎರಡಕ್ಕೂ ‘ಋತುವಿನ ಕೊನೆಯ ಹಣಾಹಣಿ’ ಎಂಬುದೇ ಬಿರುದು. ಸಾಲದ್ದಕ್ಕೆ ಬುಡಾಪೆಸ್ಟ್ ಮುಗಿದ ಆರನೇ ದಿನಕ್ಕೆ, ಅಂದರೆ 19ರಂದು, ಜಪಾನ್‌ನ ಐಚಿ–ನಗೋಯಾದಲ್ಲಿ ಏಷ್ಯನ್ ಕ್ರೀಡಾಕೂಟ ಶುರು.

ಹಾಗಾದರೆ ಋತು ನಿಜಕ್ಕೂ ಮುಗಿಯುವುದು ಎಲ್ಲಿ? ಬುಡಾಪೆಸ್ಟ್‌ನಲ್ಲಿ ಗೆದ್ದವರು ವಿಶ್ವ ಚಾಂಪಿಯನ್ನರೇ? ಭಾರತದ ಅಥ್ಲೀಟ್‌ಗಳು ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು? ಇದುವರೆಗೆ ಸುದ್ದಿಯಾಗಿದ್ದು ಹೆಚ್ಚಾಗಿ ಬಹುಮಾನದ ಮೊತ್ತ. ಆದರೆ ಈ ಕೂಟ ನೆಲೆ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ದುಡ್ಡಿಗಿಂತ ಹೆಚ್ಚಾಗಿ ಕ್ಯಾಲೆಂಡರ್ ತೀರ್ಮಾನಿಸಲಿದೆ. ಅದು ಯಾಕೆ ಎಂದು ತಿಳಿಯಲು ಕೂಟದ ರಚನೆಯಿಂದಲೇ ಆರಂಭಿಸಬೇಕು.

ಮೂರು ಸಂಜೆ, ಬರೀ ಕೊನೆಯ ಸುತ್ತುಗಳು

ವಿಶ್ವ ಚಾಂಪಿಯನ್‌ಷಿಪ್ ಒಂದು ಜಾತ್ರೆ ಇದ್ದಂತೆ. 2025ರ ಟೋಕಿಯೊ ಕೂಟ ನಡೆದದ್ದು ಒಂಬತ್ತು ದಿನ. ಸುಮಾರು 200 ದೇಶಗಳಿಂದ ಎರಡು ಸಾವಿರದಷ್ಟು ಸ್ಪರ್ಧಿಗಳು ಬಂದಿದ್ದರು. ಬೆಳಿಗ್ಗೆ ಹೀಟ್ಸ್ (ಮೊದಲ ಸುತ್ತಿನ ಓಟಗಳು), ಸಂಜೆ ಸೆಮಿಫೈನಲ್, ನಡುವೆ ಅರ್ಹತಾ ಸುತ್ತುಗಳು. ಅಥ್ಲೆಟಿಕ್ಸ್ ಬಲ್ಲವರಿಗೆ ಈ ಬೆಳಗಿನ ಸುತ್ತುಗಳೂ ಹಬ್ಬವೇ. ಟಿವಿ ಮುಂದೆ ಕೂತ ಸಾಮಾನ್ಯ ಪ್ರೇಕ್ಷಕ ಮಾತ್ರ ಅಷ್ಟು ಹೊತ್ತು ಕಾಯುವುದಿಲ್ಲ.

ಅಲ್ಟಿಮೇಟ್ ಚಾಂಪಿಯನ್‌ಷಿಪ್‌ನಲ್ಲಿ ಆ ಮೊದಲ ಸುತ್ತುಗಳನ್ನೇ ಕಿತ್ತುಹಾಕಲಾಗಿದೆ. ಮೂರು ಸಂಜೆ, ಪ್ರತಿ ಸಂಜೆಯೂ ಮೂರು ಗಂಟೆಯೊಳಗೆ ಆಟ ಮುಕ್ತಾಯ. ಓಟಗಳಲ್ಲಿ ಹೆಚ್ಚೆಂದರೆ ಸೆಮಿಫೈನಲ್ ಮತ್ತು ಫೈನಲ್. ಎಸೆತ, ಜಿಗಿತಗಳಲ್ಲಿ ನೇರ ಫೈನಲ್. ಒಂದೊಂದು ವಿಭಾಗದಲ್ಲಿ 8ರಿಂದ 16 ಮಂದಿ. ಒಟ್ಟು ಸುಮಾರು 400 ಸ್ಪರ್ಧಿಗಳು. ರಿಲೇಗಳು ಎರಡೇ: ಪುರುಷರು, ಮಹಿಳೆಯರು ಒಂದೇ ತಂಡದಲ್ಲಿ ಓಡುವ 4x100 ಮೀಟರ್ ಮತ್ತು 4x400 ಮೀಟರ್ ಮಿಶ್ರ ರಿಲೇ. ಅಥ್ಲೀಟ್‌ಗಳು ತಮ್ಮ ತಮ್ಮ ದೇಶದ ಜೆರ್ಸಿಯಲ್ಲೇ ಕಣಕ್ಕಿಳಿಯುತ್ತಾರೆ.

ಒಟ್ಟು ಬಹುಮಾನ 1 ಕೋಟಿ ಡಾಲರ್. ಚಿನ್ನ ಗೆದ್ದವರಿಗೆ 1,50,000 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಒಂದೂಕಾಲು ಕೋಟಿ ರೂಪಾಯಿಗೂ ಹೆಚ್ಚು. ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನ ಚಿನ್ನಕ್ಕೆ ಸಿಕ್ಕಿದ್ದು 70,000 ಡಾಲರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮೊದಲ ಬಾರಿಗೆ ಚಿನ್ನದ ಪದಕಕ್ಕೆ ಹಣ ಕೊಟ್ಟಾಗ ಅದು 50,000 ಡಾಲರ್ ಆಗಿತ್ತು.

ಎರಡು ವರ್ಷಕ್ಕೊಮ್ಮೆ ನಡೆಯುವ ಈ ಕೂಟ ಸಮ ಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ. ಬೆಸ ವರ್ಷಗಳಲ್ಲಿ ವಿಶ್ವ ಚಾಂಪಿಯನ್‌ಷಿಪ್ ಇದ್ದೇ ಇದೆ; 2027ರದ್ದು ಬೀಜಿಂಗ್‌ನಲ್ಲಿ. ಆದ್ದರಿಂದ ಬುಡಾಪೆಸ್ಟ್ ವಿಜೇತರನ್ನು ವಿಶ್ವ ಚಾಂಪಿಯನ್ ಎಂದು ಕರೆಯುವುದು ತಪ್ಪು. ಆ ಪಟ್ಟ ಬೀಜಿಂಗ್‌ವರೆಗೂ ಟೋಕಿಯೊ ವಿಜೇತರ ಬಳಿಯೇ ಇರುತ್ತದೆ.

ಡೈಮಂಡ್ ಲೀಗ್ ಫೈನಲ್ ಇರುವಾಗ ಇದೇಕೆ?

ಎರಡರ ವ್ಯತ್ಯಾಸ ಇರುವುದು ಮಾಲೀಕತ್ವದಲ್ಲಿ ಮತ್ತು ಆಯ್ಕೆಯ ದಾರಿಯಲ್ಲಿ. ಡೈಮಂಡ್ ಲೀಗ್ ಎಂದರೆ ಬೇರೆ ಬೇರೆ ನಗರಗಳ ಸಂಘಟಕರು ನಡೆಸುವ 14 ಕೂಟಗಳ ಸರಣಿ, ಅದರ ತುದಿಗೆ ಒಂದು ಫೈನಲ್. ಪ್ರತಿ ಕೂಟದಲ್ಲಿ ಮೊದಲ ಎಂಟು ಮಂದಿಗೆ 8, 7, 6 ಎಂದು ಇಳಿಯುತ್ತಾ 1ರವರೆಗೆ ಪಾಯಿಂಟ್. ಎಸೆತ, ಜಿಗಿತಗಳಲ್ಲಿ ಒಟ್ಟು ಪಾಯಿಂಟ್‌ನಲ್ಲಿ ಮೊದಲ ಆರು ಮಂದಿಗೆ ಫೈನಲ್ ಪ್ರವೇಶ. ಫೈನಲ್‌ನಲ್ಲಿ ಹಳೆಯ ಪಾಯಿಂಟ್‌ಗಳೆಲ್ಲ ಶೂನ್ಯ. ಆ ಸಂಜೆ ಗೆದ್ದವರೇ ಟ್ರೋಫಿ ಒಯ್ಯುತ್ತಾರೆ. 2017ರಿಂದ ಇದೇ ಪದ್ಧತಿ.

ಕಷ್ಟ ಇರುವುದು ಇಲ್ಲಿ: ಜಾವೆಲಿನ್‌ನಂಥ ವಿಭಾಗ ಎಲ್ಲ 14 ಕೂಟಗಳಲ್ಲೂ ಇರುವುದಿಲ್ಲ, ನಾಲ್ಕೈದರಲ್ಲಿ ಮಾತ್ರ ಇರುತ್ತದೆ. ಆ ಕೂಟಗಳಿಗೆ ಯಾರನ್ನು ಕರೆಯಬೇಕೆಂಬುದು ಸಂಘಟಕರಿಗೆ ಬಿಟ್ಟದ್ದು. ಒಲಿಂಪಿಕ್ ಚಾಂಪಿಯನ್ ಗಾಯಗೊಂಡು ಎರಡು ಕೂಟ ತಪ್ಪಿಸಿಕೊಂಡರೆ ಫೈನಲ್‌ಗೇ ಬರಲಾಗದೆ ಹೋಗಬಹುದು. ‘ಜಗತ್ತಿನ ಶ್ರೇಷ್ಠರ ಮುಖಾಮುಖಿ’ ಎಂದು ಹೇಳಿಕೊಂಡರೂ ಶ್ರೇಷ್ಠರೆಲ್ಲ ಅಲ್ಲಿರುತ್ತಾರೆಂಬ ಖಾತ್ರಿಯಿಲ್ಲ. ಆ ಖಾತ್ರಿಯನ್ನು ಒದಗಿಸುವುದೇ ಅಲ್ಟಿಮೇಟ್ ಚಾಂಪಿಯನ್‌ಷಿಪ್‌ನ ಉದ್ದೇಶ. ಅದಕ್ಕೇ ಪ್ಯಾರಿಸ್ ಒಲಿಂಪಿಕ್ ಚಾಂಪಿಯನ್, ಟೋಕಿಯೊ ವಿಶ್ವ ಚಾಂಪಿಯನ್, 2026ರ ಡೈಮಂಡ್ ಲೀಗ್ ವಿಜೇತ, ಈ ಮೂವರಿಗೂ ವೈಲ್ಡ್ ಕಾರ್ಡ್, ಅಂದರೆ ನೇರ ಪ್ರವೇಶ. ಉಳಿದ ಸ್ಥಾನಗಳು ವಿಶ್ವ ರ‍್ಯಾಂಕಿಂಗ್ ಪ್ರಕಾರ.

ಈ ಏರ್ಪಾಡಿನಿಂದ ಬ್ರಸೆಲ್ಸ್ ಫೈನಲ್‌ಗೆ ಲಾಭವೂ ಉಂಟು, ನಷ್ಟವೂ ಉಂಟು. ರ‍್ಯಾಂಕಿಂಗ್‌ನಲ್ಲಿ ಹಿಂದಿರುವವರಿಗೆ ಅದು ಬುಡಾಪೆಸ್ಟ್‌ನ ಕೊನೆಯ ಬಾಗಿಲು, ಜೀವ ಒತ್ತೆಯಿಟ್ಟು ಸೆಣಸುತ್ತಾರೆ. ಸ್ಥಾನ ಖಚಿತವಾಗಿರುವವರ ಲೆಕ್ಕ ಬೇರೆ. 2025ರಲ್ಲಿ ಡೈಮಂಡ್ ಲೀಗ್ ಫೈನಲ್ ವಿಜೇತರಿಗೆ ಸಿಕ್ಕಿದ್ದು 30,000 ಡಾಲರ್, ಆಯ್ದ ಕೆಲವು ವಿಭಾಗಗಳಲ್ಲಿ 50,000. ಆರೇ ದಿನಗಳ ಆಚೆ ಅದರ ಮೂರರಿಂದ ಐದು ಪಟ್ಟು ಹಣ ಕಾದಿರುವಾಗ, ತೊಡೆಯ ಸ್ನಾಯು ಸ್ವಲ್ಪ ಬಿಗಿದರೂ ಓಟಗಾರ ಬ್ರಸೆಲ್ಸ್‌ನಿಂದ ಹಿಂದೆ ಸರಿಯುತ್ತಾನೆ. ಅದನ್ನು ತಪ್ಪೆನ್ನಲಾಗದು.

ಹಳೆಯ ಫೈನಲ್‌ಗಳು ಎಲ್ಲಿ ಹೋದವು?

ಋತುವಿನ ಕೊನೆಗೊಂದು ಶಿಖರ ಕಟ್ಟುವ ಯತ್ನ ಇದೇ ಮೊದಲಲ್ಲ. 1985ರಲ್ಲಿ ರೋಮ್‌ನಲ್ಲಿ ಶುರುವಾದ ಗ್ರ್ಯಾನ್ ಪ್ರಿ ಫೈನಲ್ 2002ರವರೆಗೆ ನಡೆಯಿತು. ನಂತರ ಬಂದ ವಿಶ್ವ ಅಥ್ಲೆಟಿಕ್ಸ್ ಫೈನಲ್ 2003ರಿಂದ 2005ರವರೆಗೆ ಮೊನಾಕೊದಲ್ಲಿ, 2006ರಿಂದ 2008ರವರೆಗೆ ಸ್ಟುಟ್‌ಗಾರ್ಟ್‌ನಲ್ಲಿ, 2009ರಲ್ಲಿ ಥೆಸಲೊನಿಕಿಯಲ್ಲಿ ನಡೆದು ನಿಂತುಹೋಯಿತು. 2010ರಲ್ಲಿ ಡೈಮಂಡ್ ಲೀಗ್ ಬಂತು. ಖಂಡಗಳ ನಡುವಿನ ಕಾಂಟಿನೆಂಟಲ್ ಕಪ್ 2010, 2014 ಮತ್ತು 2018ರಲ್ಲಿ ಮೂರು ಬಾರಿ ನಡೆದು ಮರೆಯಾಯಿತು. 2018ರ ಒಸ್ಟ್ರಾವ ಕೂಟದಲ್ಲಿ ನಮ್ಮ ಅರ್ಪಿಂದರ್ ಸಿಂಗ್ ಟ್ರಿಪಲ್ ಜಂಪ್‌ನಲ್ಲಿ ಕಂಚು ಗೆದ್ದಿದ್ದು ಎಷ್ಟು ಜನಕ್ಕೆ ನೆನಪಿದೆ?

ಅದಕ್ಕಿಂತ ದೊಡ್ಡ ಉದಾಹರಣೆ ಅಂಜು ಬಾಬ್ಬಿ ಜಾರ್ಜ್ ಅವರದು. 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.70 ಮೀಟರ್ ಜಿಗಿದು ಅವರು ಗೆದ್ದ ಕಂಚು ಎಲ್ಲರಿಗೂ ಗೊತ್ತು. 2005ರ ಮೊನಾಕೊ ಫೈನಲ್‌ನಲ್ಲಿ 6.75 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಅಲ್ಲಿ ಮೊದಲಿಗರಾಗಿದ್ದ ರಷ್ಯಾದ ತತ್ಯಾನಾ ಕೊಟೋವಾ ಹಳೆಯ ಮಾದರಿಯ ಉದ್ದೀಪನ ಮದ್ದಿನ ಮರುಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅನರ್ಹಗೊಂಡ ಮೇಲೆ, 2014ರಲ್ಲಿ ಆ ಬೆಳ್ಳಿ ಚಿನ್ನವಾಯಿತು. ಬೆಂಗಳೂರನ್ನೇ ನೆಲೆ ಮಾಡಿಕೊಂಡು ಇಲ್ಲಿ ಅಕಾಡೆಮಿ ನಡೆಸುತ್ತಿರುವ ಅಂಜು ಅವರ ಸಾಧನೆಯ ಪಟ್ಟಿಯಲ್ಲಿ ಪ್ಯಾರಿಸ್‌ನ ಕಂಚಿಗಿರುವ ತೂಕ ಮೊನಾಕೊದ ಚಿನ್ನಕ್ಕೆ ಇಲ್ಲ. ಜಿಗಿತ ದೊಡ್ಡದಿತ್ತು, ಎದುರಾಳಿಗಳೂ ಅದೇ ಮಟ್ಟದವರು. ಆದರೆ ಕೂಟವೇ ನಾಲ್ಕು ವರ್ಷದಲ್ಲಿ ಇಲ್ಲವಾಯಿತು. ಜನಮನದಲ್ಲಿ ಪದಕಕ್ಕೆ ಬೆಲೆ ಬರುವುದು ಕೂಟ ವರ್ಷಗಟ್ಟಲೆ ಬಾಳಿದಾಗ. ಮೊನಾಕೊ, ಸ್ಟುಟ್‌ಗಾರ್ಟ್‌ಗಳಿಗೆ ಆ ಆಯುಷ್ಯ ಸಿಗಲಿಲ್ಲ.

ದುಡ್ಡಿನ ಕೊರತೆಯೇ ಕಾರಣ ಎನ್ನುವಂತೆಯೂ ಇಲ್ಲ. 2003ರ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನಲ್ಲಿ ಗೆದ್ದವರಿಗೆ 30,000 ಡಾಲರ್ ಕೊಡುತ್ತಿದ್ದರು. ಇಪ್ಪತ್ತೆರಡು ವರ್ಷದ ನಂತರವೂ ಡೈಮಂಡ್ ಲೀಗ್ ಫೈನಲ್‌ನ ಮೂಲ ಬಹುಮಾನ ಅಷ್ಟೇ. ಹಾಗೆ ನೋಡಿದರೆ ಅಂದಿನ 30,000 ಇಂದಿನದಕ್ಕಿಂತ ದೊಡ್ಡ ಮೊತ್ತ. ಆದರೂ ಆ ಕೂಟ ಉಳಿಯಲಿಲ್ಲ. ಒಲಿಂಪಿಕ್ಸ್ ಅಥವಾ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ದೇಹವನ್ನು ಹದಗೊಳಿಸಿಕೊಂಡವರು, ಅದು ಮುಗಿದ ಮೂರು ನಾಲ್ಕು ವಾರಕ್ಕೆ ಲಯ ಇಳಿದ ಸ್ಥಿತಿಯಲ್ಲಿ ಅಲ್ಲಿಗೆ ಬರುತ್ತಿದ್ದರು. ಈಗಷ್ಟೇ ತೀರ್ಮಾನವಾದ ಪ್ರಶ್ನೆಯನ್ನು ಮತ್ತೆ ಕೇಳಿದಂತೆ ಪ್ರೇಕ್ಷಕನಿಗೂ ಅನಿಸುತ್ತಿತ್ತು.

ವಿಶ್ವ ಚಾಂಪಿಯನ್‌ಷಿಪ್ ಇಲ್ಲದ ವರ್ಷವನ್ನೇ ಆರಿಸಿಕೊಂಡಿರುವುದು ಈ ಪಾಠ ಕಲಿತದ್ದರ ಗುರುತು. ಆದರೆ 2028ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಇದೆ. ಅದರ ಬೆನ್ನಿಗೆ ಬರುವ ಎರಡನೇ ಆವೃತ್ತಿಗೆ ಮೊನಾಕೊ, ಸ್ಟುಟ್‌ಗಾರ್ಟ್‌ಗಳ ಹಳೆಯ ತೊಂದರೆಯೇ ಎದುರಾಗುತ್ತದೆ.

ಖಾಸಗಿ ದುಡ್ಡಿನ ದಾರಿಯೂ ಈಚೆಗೆ ಎಡವಿತು. ಅಮೆರಿಕದ ಮಾಜಿ ಓಟಗಾರ ಮೈಕಲ್ ಜಾನ್ಸನ್ ಕಟ್ಟಿದ ಗ್ರ್ಯಾಂಡ್ ಸ್ಲ್ಯಾಮ್ ಟ್ರ್ಯಾಕ್ ಎಂಬ ಓಟಗಳ ಲೀಗ್, ಪ್ರತಿ ಗುಂಪಿನ ವಿಜೇತರಿಗೆ 1,00,000 ಡಾಲರ್ ಘೋಷಿಸಿ 2025ರ ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್‌ನಲ್ಲಿ ಶುರುವಾಯಿತು. ಮೂರು ಕೂಟ ನಡೆದವು, ಲಾಸ್ ಏಂಜಲೀಸ್‌ನ ನಾಲ್ಕನೆಯದು ರದ್ದಾಯಿತು. ಓಡಿದವರು ತಿಂಗಳುಗಟ್ಟಲೆ ಹಣಕ್ಕಾಗಿ ಕಾದರು. ಡಿಸೆಂಬರ್‌ನಲ್ಲಿ ಸಂಸ್ಥೆ ದಿವಾಳಿ ರಕ್ಷಣೆ ಕೋರಿ ಕೋರ್ಟ್ ಮೆಟ್ಟಿಲೇರಿತು. ಇದಾದ ಮೇಲೆ, ಘೋಷಿಸಿದ ಹಣ ಕೈಗೆ ಬರುತ್ತದೆ ಎಂಬ ನಂಬಿಕೆಯೇ ಅಥ್ಲೀಟ್‌ಗೆ ಮುಖ್ಯವಾಗಿದೆ. ವಿಶ್ವ ಸಂಸ್ಥೆಯೇ ಮುಂದೆ ನಿಂತು ನಡೆಸುವ ಕೂಟಕ್ಕೆ ಆ ಮಟ್ಟಿನ ಅನುಕೂಲವಿದೆ.

ರ‍್ಯಾಂಕಿಂಗ್ ಪಾಯಿಂಟ್ ಹುಟ್ಟುವುದು ಹೇಗೆ

‘ಅಷ್ಟು ದೂರ ಎಸೆದಿದ್ದಾರಲ್ಲ, ಆಯ್ಕೆ ಯಾಕಾಗಲಿಲ್ಲ’ ಎಂಬ ಪ್ರಶ್ನೆ ಪ್ರತಿ ದೊಡ್ಡ ಕೂಟದ ಮುಂಚೆ ಏಳುತ್ತದೆ. ಉತ್ತರ ರ‍್ಯಾಂಕಿಂಗ್‌ನ ಸೂತ್ರದಲ್ಲಿದೆ.

ಒಂದು ಸ್ಪರ್ಧೆಯಿಂದ ಸಿಗುವ ಅಂಕ ಎರಡು ಭಾಗಗಳ ಮೊತ್ತ. ಮೊದಲನೆಯದು ಎಸೆದ ದೂರ ಅಥವಾ ಓಡಿದ ಸಮಯಕ್ಕೆ ಕೋಷ್ಟಕದ ಪ್ರಕಾರ ಸಿಗುವ ಅಂಕ. ಎರಡನೆಯದು ಪಡೆದ ಸ್ಥಾನಕ್ಕೆ ಸಿಗುವ ಅಂಕ, ಇದು ಕೂಟದ ದರ್ಜೆಯ ಮೇಲೆ ಬದಲಾಗುತ್ತದೆ. ಡೈಮಂಡ್ ಲೀಗ್ ಕೂಟವೊಂದನ್ನು ಗೆದ್ದರೆ 200. ಎ ದರ್ಜೆಯ ಕೂಟಕ್ಕೆ 140. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ 100. ಕಾಂಟಿನೆಂಟಲ್ ಟೂರ್‌ನ ಕಂಚಿನ ದರ್ಜೆಯ ಕೂಟಕ್ಕೆ 60. ಹೆಚ್ಚಿನ ವಿಭಾಗಗಳಲ್ಲಿ ಕಳೆದ 12 ತಿಂಗಳ ಅತ್ಯುತ್ತಮ ಐದು ಸ್ಪರ್ಧೆಗಳ ಸರಾಸರಿಯೇ ರ‍್ಯಾಂಕಿಂಗ್ ಅಂಕ.

ಈಗ ಲೆಕ್ಕ ಹಾಕಿ ನೋಡಿ. ಇಬ್ಬರು ಐದೂ ಸ್ಪರ್ಧೆಗಳಲ್ಲಿ ಒಂದೇ ದೂರ ಎಸೆದು ಗೆದ್ದಿದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬರ ಐದರಲ್ಲಿ ಒಂದು ರಾಷ್ಟ್ರೀಯ ಚಾಂಪಿಯನ್‌ಷಿಪ್, ಇನ್ನೊಬ್ಬರದು ಆ ಜಾಗದಲ್ಲಿ ಡೈಮಂಡ್ ಲೀಗ್. ಆ ಒಂದೇ ಸ್ಪರ್ಧೆಯಿಂದ 100 ಅಂಕದ ಅಂತರ, ಸರಾಸರಿಯಲ್ಲಿ 20. ಎರಡು ಸ್ಪರ್ಧೆಯಲ್ಲಿ ಹಾಗಾದರೆ 40. ಮೊದಲ ಹತ್ತರ ಆಸುಪಾಸಿನಲ್ಲಿ ಸ್ಥಾನಗಳನ್ನು ಅದಲುಬದಲು ಮಾಡಲು ಇಷ್ಟು ಸಾಕು. ಡೈಮಂಡ್ ಲೀಗ್‌ಗೆ ಆಹ್ವಾನ ಬೇಕು, ಆಹ್ವಾನಕ್ಕೆ ರ‍್ಯಾಂಕಿಂಗ್ ಬೇಕು, ರ‍್ಯಾಂಕಿಂಗ್‌ಗೆ ಮತ್ತೆ ಡೈಮಂಡ್ ಲೀಗ್ ಬೇಕು. ಊರಲ್ಲೇ ಎಸೆದು ಮೇಲೆ ಬರುವವರು ಈ ಸುಳಿಯಲ್ಲೇ ಸಿಕ್ಕಿಕೊಳ್ಳುತ್ತಾರೆ.

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ನೀರಜ್ ಚೋಪ್ರಾ ಕ್ಲಾಸಿಕ್‌ನ ಮಹತ್ವ ಇರುವುದು ಇಲ್ಲೇ. 86.18 ಮೀಟರ್ ಎಸೆದು ನೀರಜ್ ಗೆದ್ದರು ಎಂಬುದಷ್ಟೇ ಸುದ್ದಿಯಾಯಿತು. ಅದು ಎ ದರ್ಜೆಯ ಕೂಟವಾಗಿತ್ತು. ವೀಸಾ, ವಿಮಾನದ ಖರ್ಚಿಲ್ಲದೆ ನಮ್ಮ ಎಸೆತಗಾರರಿಗೆ ದೊಡ್ಡ ಅಂಕ ಸಿಗುವ ಅವಕಾಶ ಅದು. ಇಂಥವು ವರ್ಷಕ್ಕೆ ಮೂರು ನಾಲ್ಕು ನಡೆದರೆ ಭಾರತದ ರ‍್ಯಾಂಕಿಂಗ್ ಚಿತ್ರವೇ ಬದಲಾದೀತು.

ಪುರುಷರ ಜಾವೆಲಿನ್‌ನಲ್ಲಿ ಎಂಟು ಮಂದಿಯ ಪಟ್ಟಿ ಎಂದು ಹಿಡಿದರೆ, ಒಲಿಂಪಿಕ್ ಚಾಂಪಿಯನ್ ಅರ್ಷದ್ ನದೀಮ್, ವಿಶ್ವ ಚಾಂಪಿಯನ್ ಕೆಶೋರ್ನ್ ವಾಲ್ಕಾಟ್ ಮತ್ತು ಡೈಮಂಡ್ ಲೀಗ್ ವಿಜೇತ ವೈಲ್ಡ್ ಕಾರ್ಡ್‌ನಲ್ಲಿ ಬಂದರೆ ಉಳಿಯುವುದು ಐದೇ ಸ್ಥಾನ. ಟೋಕಿಯೊದಲ್ಲಿ 84.03 ಮೀಟರ್‌ನೊಂದಿಗೆ ಎಂಟನೆಯವರಾದ ನೀರಜ್‌ಗೆ ಹಳೆಯ ಪಟ್ಟಗಳ ಬಲದಿಂದ ವೈಲ್ಡ್ ಕಾರ್ಡ್ ಸಿಗದು. ರ‍್ಯಾಂಕಿಂಗ್‌ನಿಂದಲೋ ಬ್ರಸೆಲ್ಸ್ ಗೆದ್ದೋ ಬರಬೇಕು. ಅದೇ ಫೈನಲ್‌ನಲ್ಲಿ 86.27 ಮೀಟರ್ ಎಸೆದು ನಾಲ್ಕನೆಯವರಾದ ಸಚಿನ್ ಯಾದವ್‌ಗೆ ಆ ಸಾಧನೆಯ ಅಂಕ 12 ತಿಂಗಳ ಸಾಮಾನ್ಯ ನಿಯಮದಂತೆ 2026ರ ಸೆಪ್ಟೆಂಬರ್ ಮಧ್ಯದವರೆಗೂ ಜೀವಂತ.

ಹೊರಗುಳಿದ ವಿಭಾಗಗಳು

ಮೂರು ಸಂಜೆಗೆ ಎಲ್ಲವೂ ಹಿಡಿಸುವುದಿಲ್ಲ. ಮ್ಯಾರಥಾನ್, ನಡಿಗೆ, ಡೆಕಾತ್ಲಾನ್‌ನಂಥವು ಬಿಟ್ಟುಹೋಗಿದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ. ಆದರೆ ಗುಂಡು ಎಸೆತ, ಡಿಸ್ಕಸ್ ಎಸೆತ, 3000 ಮೀಟರ್ ಸ್ಟೀಪಲ್‌ಚೇಸ್‌ಗಳನ್ನೂ ಕೈಬಿಟ್ಟಿದ್ದು ನೋವು ತಂದಿದೆ. ಆ ನೋವಿಗೆ ಕಾರಣವೂ ಇದೆ. 2020ರ ಋತುವಿಗೆ ಡೈಮಂಡ್ ಲೀಗ್ ಹೀಗೆಯೇ 200 ಮೀಟರ್, ಸ್ಟೀಪಲ್‌ಚೇಸ್, ಡಿಸ್ಕಸ್, ಟ್ರಿಪಲ್ ಜಂಪ್‌ಗಳನ್ನು ಮುಖ್ಯ ಪಟ್ಟಿಯಿಂದ ತೆಗೆಯಲು ಹೊರಟಿತ್ತು. ಅಥ್ಲೀಟ್‌ಗಳು ಸಿಡಿದೆದ್ದರು; ಟ್ರಿಪಲ್ ಜಂಪ್ ಒಲಿಂಪಿಕ್ ಚಾಂಪಿಯನ್ ಕ್ರಿಶ್ಚಿಯನ್ ಟೇಲರ್ ಅಥ್ಲೀಟ್‌ಗಳದೇ ಒಂದು ಸಂಘ ಕಟ್ಟಿದರು. ಕೊನೆಗೆ ಆ ವಿಭಾಗಗಳು ಮರಳಿದವು.

ಟಿವಿಯಲ್ಲಿ ಸೊಗಸಾಗಿ ಕಾಣುವುದಿಲ್ಲ ಎಂಬ ಒಂದು ತೀರ್ಮಾನದ ಹಿಂದೆಯೇ ಪರಿಣಾಮಗಳ ಸರಪಣಿ ಬರುತ್ತದೆ. ದೊಡ್ಡ ಕೂಟದಲ್ಲಿ ವಿಭಾಗ ಇಲ್ಲವೆಂದರೆ ಬಹುಮಾನ ಇಲ್ಲ, ಪ್ರಾಯೋಜಕ ಹಿಂಜರಿಯುತ್ತಾನೆ, ಸಣ್ಣ ಕೂಟಗಳ ಸಂಘಟಕರೂ ಅದನ್ನು ಬಿಡುತ್ತಾರೆ, ಹೊಸ ಹುಡುಗ ಹುಡುಗಿಯರು ಬೇರೆ ದಾರಿ ನೋಡುತ್ತಾರೆ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಡಿಸ್ಕಸ್ ಚಿನ್ನ ತಂದ ಮೈಸೂರು ಮೂಲದ ವಿಕಾಸ್ ಗೌಡ, ಎರಡು ಬಾರಿ ಏಷ್ಯನ್ ಕ್ರೀಡಾಕೂಟದ ಗುಂಡು ಎಸೆತದ ಚಿನ್ನ ಗೆದ್ದ ತಜಿಂದರ್‌ಪಾಲ್ ಸಿಂಗ್ ತೂರ್, ಸ್ಟೀಪಲ್‌ಚೇಸ್‌ನಲ್ಲಿ 8 ನಿಮಿಷ 9.91 ಸೆಕೆಂಡ್‌ನ ರಾಷ್ಟ್ರೀಯ ದಾಖಲೆ ಬರೆದ ಅವಿನಾಶ್ ಸಾಬ್ಳೆ: ಭಾರತ ಹೆಸರು ಮಾಡಿದ ಈ ಮೂರೂ ವಿಭಾಗಗಳಿಗೆ ಬುಡಾಪೆಸ್ಟ್‌ನಲ್ಲಿ ಜಾಗವಿಲ್ಲ. ‘ಅಲ್ಟಿಮೇಟ್’ ಎಂಬ ಹೆಸರಿಟ್ಟುಕೊಂಡು ಗುಂಡು ಎಸೆತವನ್ನು ಹೊರಗಿಡುವುದು ನ್ಯಾಯವಲ್ಲ. ಒಂದು ಗಂಟೆಯೊಳಗೆ ಮುಗಿಯುವ ಸ್ಪರ್ಧೆ ಅದು. ಸಮಯ ಸಾಲದು ಎಂಬ ಮಾತು ಒಪ್ಪಲಾಗದ್ದು.

ದೇಹ ಎಷ್ಟು ಸಲ ಶಿಖರ ಏರಬಲ್ಲದು

ಅಥ್ಲೀಟ್ ವರ್ಷವಿಡೀ ಒಂದೇ ಲಯದಲ್ಲಿ ಇರುವುದಿಲ್ಲ. ಋತುವಿಗೆ ಮೊದಲಿನ ತಿಂಗಳುಗಳಲ್ಲಿ ಭಾರ ಎತ್ತಿ ಶಕ್ತಿ ಕೂಡಿಸುತ್ತಾರೆ. ಸ್ಪರ್ಧೆ ಹತ್ತಿರವಾದಂತೆ ಭಾರ ಇಳಿಸಿ ವೇಗಕ್ಕೆ ಒತ್ತು ಕೊಡುತ್ತಾರೆ. ದೊಡ್ಡ ಕೂಟಕ್ಕೆ ಒಂದೆರಡು ವಾರ ಇರುವಾಗ ತರಬೇತಿಯ ಪ್ರಮಾಣ ತಗ್ಗಿಸಿದರೆ ದಣಿವು ಹೋಗಿ, ಕೂಡಿಟ್ಟ ಶಕ್ತಿ ಹೊರಬರುತ್ತದೆ. ಆದರೆ ತಗ್ಗಿಸಿದ ದಿನಗಳು ಹೆಚ್ಚಾದಷ್ಟೂ ಕೂಡಿಟ್ಟದ್ದು ಕರಗುತ್ತದೆ. ಬ್ರಸೆಲ್ಸ್‌ಗೆ ತಗ್ಗಿಸಿ, ಬುಡಾಪೆಸ್ಟ್‌ಗೆ ತಗ್ಗಿಸಿ, ನಗೋಯಾಕ್ಕೂ ತಗ್ಗಿಸಿದರೆ ಮೂರನೆಯ ಹೊತ್ತಿಗೆ ಗಂಟು ಖಾಲಿ. ಜಾವೆಲಿನ್‌ನಲ್ಲಿ ಇದಕ್ಕೆ ಗಾಯದ ಭಯವೂ ಸೇರುತ್ತದೆ. ಓಡಿ ಬಂದ ವೇಗವನ್ನೆಲ್ಲ ಮುಂದಿನ ಕಾಲು ಒಮ್ಮೆಲೇ ತಡೆದು ನಿಲ್ಲುತ್ತದೆ; ಆ ಪೆಟ್ಟು ಮೊಣಕಾಲು, ತೊಡೆಸಂದು, ಬೆನ್ನಿನ ಕೆಳಭಾಗ, ಕೊನೆಗೆ ಮೊಣಕೈಗೆ ಹೋಗುತ್ತದೆ.

2023ರ ನೀರಜ್ ಅವರ ಅಂಕಿಗಳಲ್ಲೇ ಇದು ಕಾಣುತ್ತದೆ. ಆಗಸ್ಟ್ 27ರಂದು ಇದೇ ಬುಡಾಪೆಸ್ಟ್‌ನಲ್ಲಿ 88.17 ಮೀಟರ್, ವಿಶ್ವ ಚಾಂಪಿಯನ್. ನಾಲ್ಕು ದಿನದ ನಂತರ ಜೂರಿಕ್‌ನಲ್ಲಿ 85.71. ಸೆಪ್ಟೆಂಬರ್ 16ರ ಯೂಜೀನ್ ಡೈಮಂಡ್ ಲೀಗ್ ಫೈನಲ್‌ನಲ್ಲಿ 83.80. ಅಲ್ಲಿಂದ 18 ದಿನ ಬಿಟ್ಟು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 88.88, ಚಿನ್ನ. ಇಳಿದ ಲಯ ಮತ್ತೆ ಏರಲು ಆ ಎರಡೂವರೆ ವಾರದ ಬಿಡುವು ಬೇಕಾಯಿತು. ಮರುವರ್ಷ ಬ್ರಸೆಲ್ಸ್ ಫೈನಲ್‌ನಲ್ಲಿ ಎಡಗೈ ಮೂಳೆ ಮುರಿದಿದ್ದರೂ 87.86 ಎಸೆದು, ಆಂಡರ್ಸನ್ ಪೀಟರ್ಸ್‌ಗೆ ಒಂದೇ ಒಂದು ಸೆಂಟಿಮೀಟರ್‌ನಿಂದ ಸೋತರು. ಋತುವಿನ ಕೊನೆಯಲ್ಲಿ ದೇಹಗಳು ಯಾವ ಸ್ಥಿತಿಯಲ್ಲಿರುತ್ತವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇದಕ್ಕೆ ಎದುರು ಉದಾಹರಣೆಗಳೂ ಇವೆ. ನೀರಜ್ 83.80ಕ್ಕೆ ನಿಂತ ಯೂಜೀನ್‌ನ ಅದೇ ಕೂಟದ ಮರುದಿನ ಸ್ವೀಡನ್‌ನ ಅರ್ಮಾಂಡ್ ಡುಪ್ಲಾಂಟಿಸ್ ಪೋಲ್ ವಾಲ್ಟ್‌ನಲ್ಲಿ 6.23 ಮೀಟರ್, ಇಥಿಯೋಪಿಯಾದ ಗುಡಾಫ್ ತ್ಸೆಗಾಯ್ 5000 ಮೀಟರ್‌ನಲ್ಲಿ 14 ನಿಮಿಷ 0.21 ಸೆಕೆಂಡ್‌ನ ವಿಶ್ವ ದಾಖಲೆ ಬರೆದರು. ಋತುವಿನ ಕೊನೆಯನ್ನೇ ಗುರಿಯಾಗಿಟ್ಟು ತಯಾರಾದವರಿಗೆ ಅದು ಸಾಧ್ಯ.

ಯುರೋಪಿಗೆ ಕೊನೆ, ಏಷ್ಯಾಕ್ಕೆ ನಡುದಾರಿ

ಕ್ಯಾಲೆಂಡರ್‌ನ ಅಸಮಾನತೆ ಇರುವುದು ಇಲ್ಲಿಯೇ. ಯುರೋಪಿನ ಅಥ್ಲೀಟ್‌ಗೆ ಬರ್ಮಿಂಗ್‌ಹ್ಯಾಮ್‌ನ ಯುರೋಪಿಯನ್ ಚಾಂಪಿಯನ್‌ಷಿಪ್ ಆಗಸ್ಟ್ 16ಕ್ಕೆ ಮುಗಿಯುತ್ತದೆ. ಬುಡಾಪೆಸ್ಟ್‌ಗೆ ಸುಮಾರು ನಾಲ್ಕು ವಾರ. ಎರಡನೇ ಸಲ ಹದಗೊಳ್ಳಲು ಹೇಳಿ ಮಾಡಿಸಿದ ಅಂತರ. ಅದರ ಮೇಲೆ ರಜೆ.

ಭಾರತೀಯರ ದಾರಿ ಹೀಗಿದೆ: ಜುಲೈ 23ರಿಂದ ಆಗಸ್ಟ್ 2ರವರೆಗೆ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟ, ಸೆಪ್ಟೆಂಬರ್ ಮೊದಲ ವಾರ ಬ್ರಸೆಲ್ಸ್, ಎರಡನೇ ವಾರ ಬುಡಾಪೆಸ್ಟ್, ನಂತರ ನಗೋಯಾ. ಬುಡಾಪೆಸ್ಟ್‌ಗಿಂತ ಜಪಾನ್ ಸಮಯ ಏಳು ಗಂಟೆ ಮುಂದೆ. ಪೂರ್ವಕ್ಕೆ ಹಾರಿದಾಗ ದೇಹದ ಗಡಿಯಾರ ದಿನಕ್ಕೆ ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆಂಬುದು ತರಬೇತುದಾರರ ವಾಡಿಕೆಯ ಲೆಕ್ಕ. ಅಂದರೆ ನಿದ್ದೆ ಸರಿಹೋಗುವುದಕ್ಕೇ ಒಂದು ವಾರ. ಪಾಕಿಸ್ತಾನದ ನದೀಮ್‌ಗೂ ಇದೇ ಕಷ್ಟ. ಪ್ಯಾರಿಸ್‌ನಲ್ಲಿ ಮಹಿಳೆಯರ ಜಾವೆಲಿನ್ ಚಿನ್ನ ಗೆದ್ದ ಜಪಾನ್‌ನ ಹರುಕಾ ಕಿತಗುಚಿಗೆ ಇನ್ನೂ ಕಠಿಣ: ಒಂದು ಕಡೆ ವೈಲ್ಡ್ ಕಾರ್ಡ್, ಇನ್ನೊಂದು ಕಡೆ ಸ್ವಂತ ನೆಲದ ಏಷ್ಯನ್ ಕ್ರೀಡಾಕೂಟ.

ದೇಶಕ್ಕೆ ಬೇಕಾದದ್ದು ನಗೋಯಾದ ಪದಕ. ಸರ್ಕಾರಗಳ ನಗದು ಪುರಸ್ಕಾರ, ನೌಕರಿ, ಬಡ್ತಿ ಎಲ್ಲ ಏಷ್ಯನ್ ಕ್ರೀಡಾಕೂಟಕ್ಕೆ ತಳುಕು ಹಾಕಿಕೊಂಡಿವೆ. ಬುಡಾಪೆಸ್ಟ್‌ಗೆ ಅಂಥ ಮನ್ನಣೆ ಇನ್ನೂ ಇಲ್ಲ. ಅಥ್ಲೀಟ್‌ನ ಜೇಬಿಗೆ ಬೇಕಾದದ್ದು ಬುಡಾಪೆಸ್ಟ್. ವೃತ್ತಿಜೀವನ ಹತ್ತು ಹನ್ನೆರಡು ವರ್ಷದ್ದು. ಒಂದೇ ಸಂಜೆಯಲ್ಲಿ ಸಿಗಬಹುದಾದ ಅಷ್ಟು ಹಣವನ್ನು ಬಿಟ್ಟುಬಿಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಜಾವೆಲಿನ್‌ನವರಿಗೆ ಒಂದು ಮಧ್ಯದ ದಾರಿ ಉಂಟು: ಬ್ರಸೆಲ್ಸ್ ಬಿಟ್ಟು, ಅರ್ಹತಾ ಸುತ್ತಿಲ್ಲದ ಬುಡಾಪೆಸ್ಟ್‌ನಲ್ಲಿ ಒಂದೇ ದಿನ ಎಸೆದು, ನೇರ ಜಪಾನ್‌ಗೆ ಹಾರುವುದು. ಆದರೆ ರ‍್ಯಾಂಕಿಂಗ್‌ನಿಂದ ಸ್ಥಾನ ಮೊದಲೇ ಖಚಿತವಾಗಿದ್ದರೆ ಮಾತ್ರ ಅದು ಸಾಧ್ಯ. 400 ಮೀಟರ್‌ನಂಥ ಓಟಗಳವರಿಗೆ ಈ ಸೌಲಭ್ಯವೂ ಇಲ್ಲ. ಸೆಮಿಫೈನಲ್, ಫೈನಲ್ ಎರಡೂ ಓಡಿ, ನಗೋಯಾದಲ್ಲಿ ಮತ್ತೆ ಹೀಟ್ಸ್‌ನಿಂದ ಆರಂಭಿಸಬೇಕು.

ಬ್ರಸೆಲ್ಸ್ ಮುಗಿದ ಮರುದಿನದಿಂದ ನೋಡಬೇಕಾದದ್ದು ಬುಡಾಪೆಸ್ಟ್‌ನ ಪ್ರವೇಶ ಪಟ್ಟಿಯನ್ನು. ಹಿಂದೆ ಸರಿದವರಲ್ಲಿ ಏಷ್ಯಾದವರೇ ಹೆಚ್ಚಿದ್ದರೆ, 2030ರ ಏಷ್ಯನ್ ಕ್ರೀಡಾಕೂಟದ ವರ್ಷಕ್ಕೆ ದಿನಾಂಕಗಳನ್ನು ಈಗಲೇ ಕೂತು ಹೊಂದಿಸಬೇಕಾಗುತ್ತದೆ. ಸ್ಪರ್ಧೆ ನೋಡಬಯಸುವವರಿಗೆ ಒಂದು ಮಾಹಿತಿ: ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಸಂಜೆ 6 ಎಂದರೆ ಇಲ್ಲಿ ರಾತ್ರಿ 9.30.